ಹೆತ್ತ ಮೈ ಮರಳಿ ಕೂಡಿಕೊಳ್ಳುವ ಬಗೆ

ಹೆರಿಗೆಯಾದ ಮಾರನೆಯ ದಿನ ಕನ್ನಡಿಯ ಮುಂದೆ ನಿಂತ ಹೆಂಗಸಿಗೆ ಮೊದಲು ಕಾಣುವುದು ಇನ್ನೂ ಐದಾರು ತಿಂಗಳ ಬಸುರಿಯಂತಿರುವ ತನ್ನ ಹೊಟ್ಟೆ. ಮಗುವನ್ನು ನೋಡಲು ಬಂದವರಲ್ಲಿ ಒಬ್ಬರಾದರೂ "ಹೊಟ್ಟೆ ಇನ್ನೂ ಇಳಿದೇ ಇಲ್ಲವಲ್ಲ, ಬಿಗಿಯಾಗಿ ಬಟ್ಟೆ ಕಟ್ಟಿಸಿಕೊಳ್ಳಮ್ಮ" ಎಂದು ಹೇಳಿಯೇ ಹೋಗುತ್ತಾರೆ. ಉಬ್ಬಿರುವುದೆಲ್ಲ ಕೊಬ್ಬು, ಅದನ್ನು ಹೇಗಾದರೂ ಕರಗಿಸಬೇಕು ಎಂಬ ತಿಳುವಳಿಕೆ ಬೇರೂರುವುದು ಅಲ್ಲಿಂದಲೇ. ಆದರೆ ಆ ದಿನದ ಹೊಟ್ಟೆಯಲ್ಲಿ ಕೊಬ್ಬಿನ ಪಾಲು ಬಹಳ ಕಡಿಮೆ. ಅಲ್ಲಿರುವುದು ಇನ್ನೂ ಕುಗ್ಗದ ಗರ್ಭಕೋಶ, ಅಂಗಾಂಶಗಳಲ್ಲಿ ನಿಂತ ನೀರು, ಒಂಬತ್ತು ತಿಂಗಳು ಹಿಗ್ಗಿ ಬಿಗಿ ಕಳೆದುಕೊಂಡ ಸ್ನಾಯುಗಳ ಗೋಡೆ ಮತ್ತು ಅದರ ಮೇಲಿನ ಸಡಿಲ ಚರ್ಮ. ಈ ನಾಲ್ಕೂ ಒಂದೇ ವೇಗದಲ್ಲಿ ಸರಿಹೋಗುವುದಿಲ್ಲ, ಒಂದೇ ಉಪಾಯಕ್ಕೆ ಬಗ್ಗುವುದೂ ಇಲ್ಲ.

ತೂಕದ ಲೆಕ್ಕವನ್ನು ಬಿಡಿಸಿ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಬಸುರಿನಲ್ಲಿ ಸುಮಾರು 11 ಕಿಲೋ ಹೆಚ್ಚಿದ ಒಬ್ಬ ಹೆಂಗಸನ್ನು ಊಹಿಸಿಕೊಳ್ಳೋಣ. ಅದರಲ್ಲಿ ಮಗು 3 ಕಿಲೋಗೆ ಹತ್ತಿರ, ಮಾಸು ಅರ್ಧ ಕಿಲೋಗಿಂತ ತುಸು ಹೆಚ್ಚು, ಮಗುವಿನ ಸುತ್ತಲಿನ ನೀರು ಮುಕ್ಕಾಲು ಕಿಲೋಗಿಂತ ಸ್ವಲ್ಪ ಮೇಲೆ. ಗರ್ಭಕೋಶವೇ 1 ಕಿಲೋದಷ್ಟು ಬೆಳೆದಿರುತ್ತದೆ. ಮೈಯಲ್ಲಿ ರಕ್ತದ ಪ್ರಮಾಣ ಶೇಕಡ 40ರಿಂದ 50ರಷ್ಟು ಹೆಚ್ಚಿರುತ್ತದೆ. ಎದೆಯ ತೂಕ, ಕೈಕಾಲಿನ ಬಾವಿನ ನೀರು ಬೇರೆ. ಉಳಿದ 3 ಕಿಲೋದಷ್ಟು ಮಾತ್ರ ಕೊಬ್ಬು, ಅದೂ ಮುಂದೆ ಹಾಲಾಗಲೆಂದು ದೇಹವೇ ಕೂಡಿಟ್ಟ ಬುತ್ತಿ. ಹೆರಿಗೆಯೊಂದಿಗೆ ಸುಮಾರು 5 ಕಿಲೋ ಇಳಿಯುತ್ತದೆ. ಮುಂದಿನ ಒಂದೆರಡು ವಾರಗಳಲ್ಲಿ ರಾತ್ರಿಯ ಬೆವರು ಮತ್ತು ಮೇಲಿಂದ ಮೇಲೆ ಬರುವ ಮೂತ್ರದ ಮೂಲಕ ಇನ್ನೂ ಎರಡು ಮೂರು ಕಿಲೋ ನೀರು ಹೊರಹೋಗುತ್ತದೆ. ಬೆವರಿನಿಂದ ಹಾಸಿಗೆ ಒದ್ದೆಯಾಯಿತೆಂದು ಗಾಬರಿಪಡುವ ಬಾಣಂತಿಗೆ, ಜ್ವರವಿಲ್ಲದಿದ್ದರೆ, ಅದು ಮೈ ಇಳಿಯುವ ಮೊದಲ ಹಂತವೆಂದು ಯಾರಾದರೂ ಹೇಳಬೇಕು.

ಗರ್ಭಕೋಶದ ಕೆಲಸ ಇನ್ನೂ ಸೋಜಿಗದ್ದು. ಮಾಸು ಬಿದ್ದ ಮೇಲೆ ಅದು ಹೊಕ್ಕುಳಿನ ಮಟ್ಟದಲ್ಲಿ ಗಟ್ಟಿ ಉಂಡೆಯಂತೆ ಕೈಗೆ ಸಿಗುತ್ತದೆ. ಒಂದು ವಾರದಲ್ಲಿ ಅದರ ತೂಕ ಅರ್ಧ ಕಿಲೋಗೆ ಇಳಿಯುತ್ತದೆ; ಎರಡು ವಾರದ ಹೊತ್ತಿಗೆ 300 ಗ್ರಾಂಗೆ ಇಳಿದು ಸೊಂಟದ ಮೂಳೆಗಳ ಗೂಡಿನೊಳಗೆ ಮರಳುತ್ತದೆ; ಆರು ವಾರಕ್ಕೆ 100 ಗ್ರಾಂಗಿಂತಲೂ ಕಡಿಮೆಯಾಗಿ ಹೆಚ್ಚುಕಡಿಮೆ ಹಿಂದಿನ ಗಾತ್ರಕ್ಕೆ ಬರುತ್ತದೆ. ಇದಕ್ಕೆ ಯಾವ ವ್ಯಾಯಾಮವೂ ಬೇಕಿಲ್ಲ. ಮಗು ಹಾಲು ಚೀಪಿದಾಗ ತಾಯಿಯ ಮೆದುಳಿನಿಂದ ಹೊಮ್ಮುವ ಆಕ್ಸಿಟೋಸಿನ್ ಎಂಬ ಹಾರ್ಮೋನು ಎದೆಯಿಂದ ಹಾಲನ್ನೂ ಹರಿಸುತ್ತದೆ, ಗರ್ಭಕೋಶವನ್ನೂ ಹಿಂಡುತ್ತದೆ. ಹಾಲೂಡುವಾಗಲೇ ಕಿಬ್ಬೊಟ್ಟೆ ಹಿಂಡಿದಂತೆ ನೋಯುವುದು, ಎರಡನೆಯ ಮೂರನೆಯ ಹೆರಿಗೆಯಲ್ಲಿ ಆ ನೋವು ಇನ್ನೂ ಜೋರಾಗಿರುವುದು ಇದೇ ಕಾರಣಕ್ಕೆ. ಆರು ವಾರದವರೆಗೂ ಬಣ್ಣ ತಿಳಿಯಾಗುತ್ತ ಹೋಗುವ ರಕ್ತಸ್ರಾವ, ಮಾಸು ಅಂಟಿದ್ದ ಜಾಗದ ಗಾಯ ಒಳಗೆ ಮಾಯುತ್ತಿರುವುದರ ಗುರುತು. ಹೆಚ್ಚು ಓಡಾಡಿದ ದಿನ ತಿಳಿಯಾಗಿದ್ದ ಸ್ರಾವ ಮತ್ತೆ ಕೆಂಪಾದರೆ, ಕೆಲಸ ಜಾಸ್ತಿಯಾಯಿತು ಎಂದು ದೇಹವೇ ಹೇಳಿದಂತೆ.

ಹೀಗೆ ಹೆತ್ತ ಮೈ ಕೂಡಿಕೊಳ್ಳುವುದು ಒಳಗಿನಿಂದ ಹೊರಕ್ಕೆ: ಮೊದಲು ಗರ್ಭಕೋಶ, ಆಮೇಲೆ ತಳದ ಮತ್ತು ಹೊಟ್ಟೆಯ ಒಳಪದರದ ಸ್ನಾಯುಗಳು, ಅದಾದ ಮೇಲೆ ಹೊರಗಿನ ಸ್ನಾಯುಗಳು, ಎಲ್ಲಕ್ಕಿಂತ ಕೊನೆಗೆ ಕೊಬ್ಬು ಮತ್ತು ಚರ್ಮ. ನಮ್ಮಲ್ಲಿ ಹೆಚ್ಚಿನವರು ಈ ಸಾಲನ್ನು ತಿರುವುಮುರುವು ಮಾಡಿ, ಕೊನೆಯದನ್ನೇ ಮೊದಲು ಹಿಡಿದು, ಫಲ ಕಾಣದೆ ಬೇಸರಪಟ್ಟುಕೊಳ್ಳುತ್ತಾರೆ.

ಹೊಟ್ಟೆಯ ಗೋಡೆಯ ವಿಷಯ ಸ್ವಲ್ಪ ನಿಂತು ನೋಡಬೇಕಾದದ್ದು. ಎದೆಗೂಡಿನ ಕೆಳಗಿನಿಂದ ಕಿಬ್ಬೊಟ್ಟೆಯ ಮೂಳೆಯವರೆಗೆ ಹೊಕ್ಕುಳಿನ ಎರಡೂ ಬದಿಗೆ ಎರಡು ಉದ್ದನೆಯ ಸ್ನಾಯುಪಟ್ಟಿಗಳಿವೆ. ಅವೆರಡನ್ನೂ ನಡುವೆ ಹಿಡಿದಿರುವುದು ಲಿನಿಯಾ ಆಲ್ಬಾ ಎಂಬ ನಾರಿನ ಹುರಿ. ಗರ್ಭ ಬೆಳೆದಂತೆ ಈ ಹುರಿ ಅಗಲವಾಗಿ ತೆಳ್ಳಗಾಗುತ್ತದೆ, ಎರಡು ಪಟ್ಟಿಗಳೂ ಅತ್ತಿತ್ತ ಸರಿಯುತ್ತವೆ. ಕುಪ್ಪಸದ ಹೊಲಿಗೆ ಬಿಟ್ಟಾಗ ಎರಡು ಅಂಚುಗಳು ದೂರವಾಗುತ್ತವೆಯಲ್ಲ, ಹಾಗೆ. ಆದರೆ ಇಲ್ಲಿ ಏನೂ ಹರಿದಿರುವುದಿಲ್ಲ, ಹಿಗ್ಗಿರುತ್ತದೆ ಅಷ್ಟೆ. ಬಸುರಿನ ಕೊನೆಯ ತಿಂಗಳುಗಳಲ್ಲಿ ಇದು ಬಹುತೇಕ ಎಲ್ಲರಿಗೂ ಆಗುವಂಥದ್ದು. ಅಂತರ ಸುಮಾರು 2 ಸೆಂಟಿಮೀಟರ್, ಅಂದರೆ ಎರಡು ಬೆರಳಿನ ಅಗಲ, ಮೀರಿ ಉಳಿದುಕೊಂಡರೆ ಅದಕ್ಕೆ ಡಯಾಸ್ಟಾಸಿಸ್ ಎನ್ನುತ್ತಾರೆ. ನಾರ್ವೆಯಲ್ಲಿ ಚೊಚ್ಚಲ ಹೆರಿಗೆಯ 300 ಹೆಂಗಸರನ್ನು ಒಂದು ವರ್ಷ ಹಿಂಬಾಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆರು ವಾರಕ್ಕೆ ಶೇಕಡ 60ರಷ್ಟು ಮಂದಿಗೂ, ಒಂದು ವರ್ಷದ ಹೊತ್ತಿಗೆ ಇನ್ನೂ ಮೂರನೆಯ ಒಂದು ಪಾಲಿನಷ್ಟು ಮಂದಿಗೂ ಅಂತರ ಉಳಿದಿತ್ತು. ತೆಳ್ಳಗಿನ ಮೈಕಟ್ಟಿನವರಿಗೂ ಸಂಜೆಯಾಗುತ್ತಿದ್ದಂತೆ ಹೊಟ್ಟೆ ಮುಂದಕ್ಕೆ ಬಂದಂತೆ ಕಾಣುವುದಕ್ಕೆ ಅನೇಕ ಸಲ ಕಾರಣ ಇದೇ. ಊಟ ಬಿಟ್ಟರೆ ಅದು ಹೋಗುವುದಿಲ್ಲ.

ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಅಂಗಾತ ಮಲಗಿ, ಮೊಣಕಾಲು ಮಡಚಿ, ಬೆರಳುಗಳನ್ನು ಹೊಕ್ಕುಳಿನ ತುಸು ಮೇಲೆ ಅಡ್ಡಲಾಗಿ ಇಟ್ಟು ತಲೆಯನ್ನು ಮಾತ್ರ ನಿಧಾನಕ್ಕೆ ಎತ್ತಬೇಕು. ಎರಡೂ ಬದಿಯ ಸ್ನಾಯು ಬೆರಳಿಗೆ ಒತ್ತಿ ಬರುತ್ತದೆ. ನಡುವಿನ ಕಣಿವೆಯಲ್ಲಿ ಎಷ್ಟು ಬೆರಳು ಕೂರುತ್ತವೆ ಎಂಬುದೇ ಅಂತರ. ಅಗಲದಷ್ಟೇ ಮುಖ್ಯವಾದದ್ದು ಆಳ: ಬೆರಳು ಮೆತ್ತಗೆ ಒಳಗಿಳಿದುಹೋಗುತ್ತದೆಯೋ, ಇಲ್ಲವೇ ಕೆಳಗೆ ಬಿಗಿ ಹತ್ತುತ್ತದೆಯೋ ನೋಡಬೇಕು. ತಲೆ ಎತ್ತಿದಾಗ ಹೊಟ್ಟೆಯ ನಡುವೆ ಏಣಿನಂತೆ ಉಬ್ಬು ಎದ್ದರೆ, ಒಳಗಿನ ಒತ್ತಡವನ್ನು ತಡೆಯುವಷ್ಟು ಶಕ್ತಿ ಆ ಹುರಿಗೆ ಇನ್ನೂ ಬಂದಿಲ್ಲವೆಂದು ತಿಳಿಯಬೇಕು.

ಇಂಥ ಹೊಟ್ಟೆಯವರು ಮೊಬೈಲಿನಲ್ಲಿ ನೋಡಿದ ಕ್ರಂಚಸ್, ಸಿಟ್-ಅಪ್‌ಗಳನ್ನು ಮೊದಲ ವಾರಗಳಲ್ಲೇ ಶುರುಮಾಡಿದರೆ ಆಗುವುದೇನು? ಮಲಗಿದಲ್ಲಿಂದ ನೇರ ಎದ್ದಾಗಲೆಲ್ಲ ಹೊಟ್ಟೆಯೊಳಗಿನ ಒತ್ತಡ ಏರಿ, ದುರ್ಬಲವಾಗಿರುವ ನಡುವಿನ ಹುರಿಯನ್ನೇ ಹೊರಕ್ಕೆ ತಳ್ಳುತ್ತದೆ, ಕೆಳಗೆ ಸೊಂಟದ ತಳವನ್ನೂ ಒತ್ತುತ್ತದೆ. "ಮಗ್ಗುಲಿಗೆ ಹೊರಳಿ, ಕೈ ಊರಿ ಏಳು" ಎಂದು ಬಸುರಿಯರಿಗೂ ಬಾಣಂತಿಯರಿಗೂ ನಮ್ಮ ಅಜ್ಜಿಯರು ಹೇಳುತ್ತಿದ್ದ ಮಾತನ್ನೇ ಇಂದು ಫಿಸಿಯೋಥೆರಪಿಸ್ಟರು ಮೊದಲ ದಿನದ ಪಾಠವಾಗಿ ಹೇಳಿಕೊಡುತ್ತಾರೆ. ಮೊದಲು ಬೇಕಾದದ್ದು ಉಸಿರಿನ ಅಭ್ಯಾಸ. ಮೊಣಕಾಲು ಮಡಚಿ ಮಲಗಿ, ಪಕ್ಕೆಲುಬು ಅರಳುವಂತೆ ಉಸಿರೆಳೆದು, ಉಸಿರು ಬಿಡುತ್ತ ಕಿಬ್ಬೊಟ್ಟೆಯನ್ನು ಬೆನ್ನಿನ ಕಡೆಗೆ ಮೆಲ್ಲಗೆ ಒಳಗೆಳೆದುಕೊಳ್ಳಬೇಕು. ನೋಡುವವರಿಗೆ ಏನೂ ಮಾಡಿದಂತೆ ಕಾಣದ ಈ ಕೆಲಸ, ಸೊಂಟದ ಸುತ್ತ ಪಟ್ಟಿಯಂತೆ ಸುತ್ತಿಕೊಂಡಿರುವ ಅತ್ಯಂತ ಒಳಗಿನ ಸ್ನಾಯುವನ್ನು ಎಚ್ಚರಿಸುತ್ತದೆ.

ಹೊಟ್ಟೆಗೆ ಬಟ್ಟೆ ಕಟ್ಟುವ ಪದ್ಧತಿಯನ್ನು ಇಲ್ಲಿಟ್ಟು ತೂಗಬಹುದು. ಹೊಟ್ಟೆ ಜೋಲಬಾರದು, ವಾಯು ಸೇರಬಾರದು ಎಂಬುದು ಹಿರಿಯರ ಕಾರಣ. ಖಾಲಿಯಾದ ಜಾಗಕ್ಕೆ ಗಾಳಿ ನುಗ್ಗುವುದಿಲ್ಲ. ಆದರೆ ಸಡಿಲಗೊಂಡ ಗೋಡೆಗೆ ಹೊರಗಿನಿಂದ ಆಸರೆ ಸಿಕ್ಕರೆ ನಿಲ್ಲುವುದು, ನಡೆಯುವುದು, ಕೆಮ್ಮುವುದು ಸುಲಭವಾಗುತ್ತದೆ ಎಂಬುದು ನಿಜ. ವಿಶೇಷವಾಗಿ ಸಿಸೇರಿಯನ್ ಆದವರಿಗೆ ಮೊದಲ ದಿನಗಳ ನೋವು ಕಡಿಮೆಯಾಗುತ್ತದೆ. ಅಲ್ಲಿಗೆ ಅದರ ಉಪಯೋಗ ಮುಗಿಯಿತು. ಬಟ್ಟೆಯಾಗಲಿ, ಅಂಗಡಿಯಲ್ಲಿ ಸಿಗುವ ಬೆಲ್ಟ್ ಆಗಲಿ, ಕೊಬ್ಬನ್ನು ಕರಗಿಸುವುದಿಲ್ಲ, ಸ್ನಾಯುವಿಗೆ ಬಲ ಕೊಡುವುದಿಲ್ಲ. ಉಸಿರು ಕಟ್ಟುವಷ್ಟು ಬಿಗಿದರಂತೂ ಒತ್ತಡವೆಲ್ಲ ಕೆಳಕ್ಕೆ ಜಾರಿ ಸೊಂಟದ ತಳದ ಮೇಲೆ ಬೀಳುತ್ತದೆ. ಹತ್ತಿಯ ಹಳೆಯ ಸೀರೆಯನ್ನು ಕೆಳಗಿನಿಂದ ಮೇಲಕ್ಕೆ ಹದವಾಗಿ ಸುತ್ತಿ, ಊಟದ ಹೊತ್ತಿಗೂ ಮಲಗುವಾಗಲೂ ಬಿಚ್ಚುವುದಾದರೆ ಹಾನಿಯಿಲ್ಲ.

ಈಗ ಆ ತಳದ ಮಾತು. ಸೊಂಟದ ಮೂಳೆಗಳ ಗೂಡಿಗೆ ಕೆಳಗೆ ಮೂಳೆಯ ತಳವಿಲ್ಲ. ಮುಂದಿನ ಮೂಳೆಯಿಂದ ಬೆನ್ನುಮೂಳೆಯ ತುದಿಯವರೆಗೆ ತೂಗುಮಂಚದಂತೆ ಹರಡಿದ ಸ್ನಾಯುಗಳೇ ಮೂತ್ರಕೋಶ, ಗರ್ಭಕೋಶ, ಗುದನಾಳಗಳನ್ನು ಹೊತ್ತುಕೊಂಡಿರುತ್ತವೆ. ವೈದ್ಯರು ಇದನ್ನು ಪೆಲ್ವಿಕ್ ಫ್ಲೋರ್ ಎನ್ನುತ್ತಾರೆ. ಒಂಬತ್ತು ತಿಂಗಳ ಭಾರ ಇದರ ಮೇಲೆಯೇ ಕೂತಿತ್ತು, ಸಹಜ ಹೆರಿಗೆಯಲ್ಲಿ ಮಗುವಿನ ತಲೆ ಇದನ್ನೇ ಹಿಗ್ಗಿಸಿಕೊಂಡು ಬಂದಿತು. ಹೆರಿಗೆಯ ಬಳಿಕ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಕೆಮ್ಮಿದಾಗ, ಸೀನಿದಾಗ, ನಕ್ಕಾಗ ಮೂತ್ರ ತೊಟ್ಟಿಕ್ಕುತ್ತದೆ. ಸಿಸೇರಿಯನ್ ಆದವರಲ್ಲಿ ಇದು ಕಡಿಮೆ, ಆದರೆ ಇಲ್ಲವೆಂದಲ್ಲ. ಅಕ್ಕತಂಗಿಯರೂ ಪರಸ್ಪರ ಹೇಳಿಕೊಳ್ಳದ ತೊಂದರೆ ಇದು. "ಹೆತ್ತ ಮೇಲೆ ಇದೆಲ್ಲ ಇದ್ದದ್ದೇ" ಎಂದು ಸುಮ್ಮನಾದವರಲ್ಲಿ ಕೆಲವರು ಇಪ್ಪತ್ತು ಮೂವತ್ತು ವರ್ಷಗಳ ಬಳಿಕ ಗರ್ಭಕೋಶ ಜಾರಿತೆಂದು ಆಸ್ಪತ್ರೆಗೆ ಬರುತ್ತಾರೆ.

ಈ ಸ್ನಾಯುಗಳಿಗೂ ಬೇರೆ ಸ್ನಾಯುಗಳಂತೆ ಕಸರತ್ತಿನಿಂದ ಬಲ ಬರುತ್ತದೆಂದು 1948ರಲ್ಲಿ ಬರೆದು ತೋರಿಸಿದವರು ಅಮೆರಿಕದ ಸ್ತ್ರೀರೋಗ ವೈದ್ಯ ಆರ್ನಾಲ್ಡ್ ಕೆಗೆಲ್. ಹಠಯೋಗದ ಮೂಲಬಂಧವನ್ನು ಬಲ್ಲವರಿಗೆ ಈ ಸಂಕೋಚನ ತೀರ ಹೊಸದಲ್ಲ. ಹೂಸನ್ನೂ ಮೂತ್ರವನ್ನೂ ಒಟ್ಟಿಗೆ ತಡೆಹಿಡಿದಂತೆ ಒಳಗಿನಿಂದ ಮೇಲಕ್ಕೆ ಎಳೆದುಕೊಳ್ಳಬೇಕು. ತೊಡೆ, ಪೃಷ್ಠ, ಹೊಟ್ಟೆ ಬಿಗಿಯಬಾರದು, ಉಸಿರು ಕಟ್ಟಬಾರದು. ಐದು ಎಣಿಸುವವರೆಗೆ ಹಿಡಿದು ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡುವುದು ಒಂದು ಸುತ್ತು. ಹೀಗೆ ಎಂಟು ಹತ್ತು ಸಲ, ದಿನಕ್ಕೆ ಮೂರು ಹೊತ್ತು, ಕನಿಷ್ಠ ಮೂರು ತಿಂಗಳು ಮಾಡಿದರೆ ಮಾತ್ರ ವ್ಯತ್ಯಾಸ ಕಾಣುತ್ತದೆ. ಕೆಲವರು ಮೂತ್ರ ಮಾಡುವಾಗ ನಡುವೆ ತಡೆದು ಅಭ್ಯಾಸ ಮಾಡುತ್ತಾರೆ. ಸ್ನಾಯು ಯಾವುದೆಂದು ಗುರುತಿಸಲು ಒಮ್ಮೆ ಹಾಗೆ ಮಾಡಬಹುದು, ದಿನವೂ ಮಾಡಿದರೆ ಮೂತ್ರಕೋಶ ಪೂರ್ತಿ ಖಾಲಿಯಾಗುವುದಿಲ್ಲ. ಕೆಮ್ಮು ಬರುವ ಮುನ್ನ, ಮಗುವನ್ನೋ ಬಿಂದಿಗೆಯನ್ನೋ ಎತ್ತುವ ಮುನ್ನ ಒಮ್ಮೆ ಬಿಗಿಹಿಡಿಯುವ ರೂಢಿ ಮಾಡಿಕೊಂಡರೆ ಸೋರುವುದು ಬೇಗ ಹತೋಟಿಗೆ ಬರುತ್ತದೆ. ಸಹಜ ಹೆರಿಗೆಯಾದವರು ನೋವು ತಡೆಯುವಂತಿದ್ದರೆ ಮೊದಲ ದಿನಗಳಿಂದಲೇ ಇದನ್ನು ಆರಂಭಿಸಬಹುದು. ಮಲಬದ್ಧತೆ ಇದರ ದೊಡ್ಡ ಶತ್ರು. ತಿಣುಕಿದಷ್ಟೂ ತಳ ಸಡಿಲವಾಗುತ್ತದೆ. ಹಾಗಾಗಿ ನೀರು, ಸೊಪ್ಪು, ಹಣ್ಣುಗಳನ್ನು ಬಾಣಂತಿಯಿಂದ ದೂರವಿಡುವ ಪಥ್ಯ ಈ ಸ್ನಾಯುಗಳಿಗೂ ಒಳ್ಳೆಯದಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ (2019–21) ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಶೇಕಡ 31.5ರಷ್ಟು ಸಿಸೇರಿಯನ್. ಇವರ ವಿಷಯದಲ್ಲಿ ನೆನಪಿಡಬೇಕಾದದ್ದು, ಮೇಲೆ ಕಾಣುವ ಹೊಲಿಗೆ ಒಂದೇ ಆದರೂ ಒಳಗೆ ಕೊಬ್ಬು, ಸ್ನಾಯುವಿನ ಗಟ್ಟಿ ಹೊದಿಕೆ, ಒಳಪೊರೆ, ಗರ್ಭಕೋಶ ಹೀಗೆ ಪದರಪದರವಾಗಿ ಕೊಯ್ದಿರುತ್ತಾರೆ ಎಂಬುದು. ಚರ್ಮ ಹತ್ತು ಹದಿನೈದು ದಿನಗಳಲ್ಲಿ ಕೂಡಿಕೊಂಡು ಎಲ್ಲ ಮಾಯಿತೆಂಬ ಭಾವನೆ ಹುಟ್ಟಿಸುತ್ತದೆ. ಸ್ನಾಯುವಿನ ಹೊದಿಕೆಯಾದರೋ ಆರು ವಾರಕ್ಕೆ ತನ್ನ ಮೂಲ ಬಲದ ಅರ್ಧಕ್ಕಿಂತ ತುಸು ಹೆಚ್ಚನ್ನಷ್ಟೇ ಮರಳಿ ಪಡೆದಿರುತ್ತದೆ. ಆರು ವಾರ ಮಗುವಿಗಿಂತ ಭಾರವಾದದ್ದನ್ನು ಎತ್ತಬೇಡಿ ಎಂದು ವೈದ್ಯರು ಹೇಳುವುದು ಇದಕ್ಕೇ. ತುಂಬಿದ ಕೊಡವೊಂದು 10 ಕಿಲೋ ಮೀರುತ್ತದೆ. ಆದರೆ ಎತ್ತಬಾರದು ಎಂದರೆ ಅಲುಗಾಡಬಾರದು ಎಂದಲ್ಲ. ಶಸ್ತ್ರಚಿಕಿತ್ಸೆಯಾದ ಮಾರನೆಯ ದಿನದೊಳಗೇ ಎಬ್ಬಿಸಿ ನಡೆಸುವುದು ಈಗ ಎಲ್ಲ ಕಡೆಯ ಕ್ರಮ. ಗಾಯ ಪೂರ್ತಿ ಒಣಗಿದ ಮೇಲೆ ಕಲೆಯ ಮೇಲೂ ಸುತ್ತಲೂ ಬೆರಳಿನಿಂದ ಮೆಲ್ಲಗೆ ತೀಡಿದರೆ ಚರ್ಮ ಒಳಪದರಕ್ಕೆ ಅಂಟಿಕೊಳ್ಳುವುದು ಕಡಿಮೆಯಾಗುತ್ತದೆ. ಹೊಲಿಗೆಯ ಮೇಲೆ ಚೀಲದಂತೆ ಜೋಲುವ ಮಡಿಕೆಗೆ ಈ ಅಂಟುವಿಕೆಯೂ ಒಂದು ಕಾರಣ.

ಬೆನ್ನುನೋವಿನ ಬಗ್ಗೆ ಒಂದು ಮಾತು. "ಬೆನ್ನಿಗೆ ಇಂಜೆಕ್ಷನ್ ಕೊಟ್ಟಾಗಿನಿಂದ ಸೊಂಟ ಹಿಡಿದಿದೆ" ಎಂದು ಹೇಳದ ಸಿಸೇರಿಯನ್ ತಾಯಿ ನಮ್ಮಲ್ಲಿ ವಿರಳ. ಸೂಜಿ ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ಆದರೆ ವರ್ಷಗಟ್ಟಲೆ ಉಳಿಯುವ ನೋವಿಗೂ ಆ ಸೂಜಿಗೂ ಸಂಬಂಧ ಕಂಡುಬಂದಿಲ್ಲ. ಸಹಜ ಹೆರಿಗೆಯಾದವರಿಗೂ ಇದೇ ನೋವು ಬರುತ್ತದೆ. ಮುಂದಿನ ಗೋಡೆ ಸಡಿಲವಾದಾಗ ಭಾರವೆಲ್ಲ ಹಿಂದಿನ ಕಂಬದ ಮೇಲೆ ಬೀಳುತ್ತದೆ. ಅದರ ಮೇಲೆ ದಿನಕ್ಕೆ ಹತ್ತು ಸಲ ಬೆನ್ನಿಗೆ ಆಸರೆಯಿಲ್ಲದೆ ಬಗ್ಗಿ ಕೂತು ಹಾಲೂಡಿಸುವುದು ಬೇರೆ. ಮಗುವನ್ನು ದಿಂಬಿನಿಂದ ಎದೆಯ ಮಟ್ಟಕ್ಕೆ ಎತ್ತಿಕೊಂಡರೆ ಅರ್ಧ ನೋವು ಇಳಿಯುತ್ತದೆ.

ಇನ್ನು ಊಟದ ಪ್ರಶ್ನೆ. ಬಾಣಂತನದ ಅಡುಗೆಯನ್ನು ಮೂಢನಂಬಿಕೆಯೆಂದು ತಳ್ಳಿಹಾಕುವವರೂ, ಅದನ್ನು ಅಕ್ಷರಶಃ ಪಾಲಿಸಬೇಕೆನ್ನುವವರೂ ಅದು ಯಾರಿಗಾಗಿ ಹುಟ್ಟಿತೆಂಬುದನ್ನು ಮರೆಯುತ್ತಾರೆ. ಹೆರುವ ದಿನದವರೆಗೂ ಕಳೆ ಕಿತ್ತು, ಬೀಸಿ, ನೀರು ಹೊತ್ತು, ಬಸುರಿನಲ್ಲಿ ಏಳೆಂಟು ಕಿಲೋ ಕೂಡ ಹೆಚ್ಚದ ಹೆಂಗಸಿಗೆ ವರ್ಷದಲ್ಲಿ ಹೊಟ್ಟೆತುಂಬ ತುಪ್ಪ, ಬೆಲ್ಲ, ಒಣಕೊಬ್ಬರಿ ಸಿಗುತ್ತಿದ್ದದ್ದು ತವರಿನ ಆ ಕೆಲವು ತಿಂಗಳುಗಳಲ್ಲಿ ಮಾತ್ರ. ಉತ್ತರ ಕರ್ನಾಟಕದ ಅಂಟಿನುಂಡೆ, ಅಳವಿಯ ಪಾಯಸ, ದಕ್ಷಿಣದ ಬಾಣಂತಿ ಲೇಹ್ಯ, ಬೆಳ್ಳುಳ್ಳಿ ಹೆಚ್ಚಾಗಿ ಹಾಕಿದ ಸಬ್ಬಸಿಗೆ ಪಲ್ಯ ಇವೆಲ್ಲ ಆ ಕೊರತೆಯನ್ನು ತುಂಬಿ, ಮತ್ತೆ ಹೊಲಕ್ಕೆ ಹೋಗುವ ಬಲ ಕೊಡಲೆಂದು ಬಂದವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಪಟ್ಟಿಯಂತೆ ಕೂತು ಕೆಲಸ ಮಾಡುವ ಹೆಂಗಸಿಗೆ ದಿನಕ್ಕೆ 1660 ಕ್ಯಾಲೊರಿ ಸಾಕು, ಮೈಮುರಿದು ದುಡಿಯುವವಳಿಗೆ 2720 ಬೇಕು. ಈ ಸಾವಿರದಷ್ಟು ಕ್ಯಾಲೊರಿಯ ಅಂತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಅಜ್ಜಿಯ ಅಳತೆಯನ್ನೇ ಕಂಪ್ಯೂಟರ್ ಮುಂದೆ ಕೂರುವ ಮೊಮ್ಮಗಳಿಗೂ ಬಡಿಸಿದರೆ, ಬಸುರಿನಲ್ಲಿ ಬಂದದ್ದಕ್ಕಿಂತ ಹೆಚ್ಚಿನ ತೂಕ ಬಾಣಂತನದಲ್ಲಿ ಬರುತ್ತದೆ.

ಹಾಲೂಡುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿ, ಆಮೇಲಿನ ಆರು ತಿಂಗಳು 520 ಕ್ಯಾಲೊರಿ ಹೆಚ್ಚುವರಿಯಾಗಿ ಬೇಕೆಂದು ಅದೇ ಪಟ್ಟಿ ಹೇಳುತ್ತದೆ. 50 ಗ್ರಾಮಿನ ಒಂದು ಅಂಟಿನುಂಡೆಯಲ್ಲಿ ಸುಮಾರು 250 ಕ್ಯಾಲೊರಿ ಇರುತ್ತದೆ. ಅನ್ನದ ಮೇಲೆ ಹಾಕುವ ಎರಡು ದೊಡ್ಡ ಚಮಚ ತುಪ್ಪದಲ್ಲಿ 270. ಎರಡು ಉಂಡೆ ಮತ್ತು ಆ ತುಪ್ಪಕ್ಕೇ 600ರ ಗೆರೆ ದಾಟಿಹೋಯಿತು, ಊಟ ಇನ್ನೂ ಶುರುವೇ ಆಗಿಲ್ಲ. ಹಾಗೆಂದು ಉಂಡೆಯನ್ನು ಬಿಡಬೇಕಿಲ್ಲ, ದಿನಕ್ಕೆ ಒಂದು ಸಣ್ಣದು ಸಾಕು. ಹೆಚ್ಚಿನ ಆಹಾರದ ಬಹುಪಾಲು ಬೇಳೆ, ಕಾಳು, ಮೊಟ್ಟೆ, ಹಾಲು, ಮೊಸರು, ತಿನ್ನುವವರಿಗೆ ಮೀನು, ಮಾಂಸ, ಜೊತೆಗೆ ರಾಗಿ ಮತ್ತು ಸೊಪ್ಪಿನಿಂದ ಬರಬೇಕು. ಸಬ್ಬಸಿಗೆ, ಮೆಂತ್ಯ, ನುಗ್ಗೆಸೊಪ್ಪುಗಳನ್ನು ಬಾಣಂತಿಯ ತಟ್ಟೆಗೆ ತಂದ ಹಿರಿಯರ ಆಯ್ಕೆ ಚೆನ್ನಾಗಿಯೇ ಇತ್ತು.

ತಿನ್ನಿಸುವುದಕ್ಕಿಂತ ಹೆಚ್ಚು ಹಾನಿ ಆಗಿರುವುದು ಬಿಡಿಸುವುದರಿಂದ. ಕೆಲವು ಮನೆಗಳಲ್ಲಿ ತಿಂಗಳುಗಟ್ಟಲೆ ಬರೀ ಬಿಳಿ ಅನ್ನ, ಮೆಣಸಿನ ಸಾರು, ಒಣ ಪುಡಿಯಲ್ಲೇ ಬಾಣಂತನ ಮುಗಿಯುತ್ತದೆ. ಬೇಳೆ ವಾಯು, ಹಣ್ಣು ಶೀತ, ಮೊಸರು ನೆಗಡಿ ಎಂದು ಒಂದೊಂದಾಗಿ ದೂರವಾಗುತ್ತವೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವ, ಬಹಳ ಕಡಿಮೆ. ಇಂಥ ಪಥ್ಯದಲ್ಲಿದ್ದ ತಾಯಂದಿರ ಎದೆಹಾಲನ್ನೇ ನಂಬಿದ ಎರಡು ಮೂರು ತಿಂಗಳ ಕೂಸುಗಳು ಏದುಸಿರು ಬಿಡುತ್ತ ಹೃದಯ ಸೋತ ಸ್ಥಿತಿಯಲ್ಲಿ ಬಂದು, ಥಯಾಮಿನ್ ಕೊಟ್ಟೊಡನೆ ಚೇತರಿಸಿಕೊಂಡ ಪ್ರಕರಣಗಳನ್ನು ಬೆಂಗಳೂರಿನ ಮಕ್ಕಳ ಹೃದಯತಜ್ಞರು ದಾಖಲಿಸಿದ್ದಾರೆ. ರಕ್ತಹೀನತೆಯಂತೂ ರಾಜ್ಯದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯಲ್ಲಿದೆ. ನಾಲ್ಕು ಹೆಜ್ಜೆ ನಡೆದರೆ ಸುಸ್ತಾಗುವವಳಿಗೆ ವ್ಯಾಯಾಮದ ಉಪದೇಶ ಮಾಡಿ ಫಲವಿಲ್ಲ. ಹೆರಿಗೆಯ ನಂತರ 180 ದಿನ ಸರ್ಕಾರದಿಂದ ಉಚಿತವಾಗಿ ಸಿಗುವ ಕಬ್ಬಿಣಾಂಶದ ಮಾತ್ರೆ ಮೊದಲು ನುಂಗಬೇಕು, ಕಾಫಿ ಚಹಾದ ಜೊತೆಗಲ್ಲದೆ. ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರಿನಲ್ಲಿ ರಾಜ್ಯಾದ್ಯಂತ ಜಾರಿಗೆ ಬಂದಾಗ ಎದುರಾದ ತೊಡಕೂ ಇದೇ ಪದ್ಧತಿಯದು: ಊಟ ಅಂಗನವಾಡಿಯಲ್ಲಿತ್ತು, ಬಾಣಂತಿ ಹೊಸ್ತಿಲು ದಾಟುವಂತಿರಲಿಲ್ಲ.

ನೀರಿನ ಕಥೆ ಇನ್ನೂ ಕಹಿಯಾದದ್ದು. ಹೆಚ್ಚು ನೀರು ಕುಡಿದರೆ ಹೊಟ್ಟೆ ಬರುತ್ತದೆ, ಸನ್ನಿಯಾಗುತ್ತದೆ ಎಂದು ಬಾಣಂತಿಗೆ ಲೋಟದ ಲೆಕ್ಕದಲ್ಲಿ ನೀರು ಕೊಡುತ್ತಿದ್ದರು, ಕೆಲವೆಡೆ ಈಗಲೂ ಕೊಡುತ್ತಾರೆ. ಬಾಣಂತಿ ಸನ್ನಿ ಎಂಬ ಒಂದೇ ಹೆಸರಿನಡಿ ಹಲವು ಬೇರೆಬೇರೆ ಕಾಯಿಲೆಗಳು ಸೇರಿಹೋಗಿದ್ದವು. ಅವುಗಳಲ್ಲಿ ಒಂದು, ಮೆದುಳಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟಿ ತಲೆನೋವು, ಫಿಟ್ಸ್, ಪ್ರಜ್ಞೆ ತಪ್ಪುವುದು ಕಾಣಿಸಿಕೊಳ್ಳುವಂಥದ್ದು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಶಕಗಳಿಂದ ಇದನ್ನು ಅಭ್ಯಸಿಸಿದ್ದಾರೆ. ಹೆರಿಗೆಯ ನಂತರದ ಆರು ವಾರ ರಕ್ತಕ್ಕೆ ಸಹಜವಾಗಿಯೇ ಬೇಗ ಹೆಪ್ಪುಗಟ್ಟುವ ಗುಣವಿರುತ್ತದೆ. ಮೈಯಲ್ಲಿ ನೀರು ಬತ್ತುವುದೂ, ಅಲುಗಾಡದೆ ಮಲಗಿರುವುದೂ ಅದನ್ನು ಹೆಚ್ಚಿಸುತ್ತವೆ. ಸನ್ನಿಗೆ ಹೆದರಿ ನೀರು ತಡೆದದ್ದೇ ಸನ್ನಿಗೆ ದಾರಿಯಾಗುತ್ತಿತ್ತು. ದಿನಕ್ಕೆ ಮುಕ್ಕಾಲು ಲೀಟರಿನಷ್ಟು ಹಾಲು ಕೊಡುವ ಮೈಗೆ ಬಾಯಾರಿದಾಗಲೆಲ್ಲ ನೀರು ಬೇಕು. ಬಿಸಿಯೋ ತಣ್ಣಗೋ ಎಂಬುದು ಅವರವರ ರುಚಿ.

ಊಟ ಹೀಗೆ ಹದಕ್ಕೆ ಬಂದರೆ ತೂಕದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಮೊದಲ ಆರು ವಾರ ತೂಕ ಇಳಿಸುವ ಪ್ರಯತ್ನವೇ ಬೇಡ. ಆಮೇಲೂ ವಾರಕ್ಕೆ ಅರ್ಧ ಕಿಲೋಗಿಂತ ಹೆಚ್ಚು ಇಳಿಸುವುದು ಸರಿಯಲ್ಲ. ಹೆಚ್ಚು ತೂಕವಿದ್ದ 40 ಹಾಲೂಡುವ ತಾಯಂದಿರ ಮೇಲೆ ಅಮೆರಿಕದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಊಟವನ್ನು ಮಿತಗೊಳಿಸಿ ವ್ಯಾಯಾಮ ಮಾಡಿದವರು ವಾರಕ್ಕೆ ಸುಮಾರು ಅರ್ಧ ಕಿಲೋ ಇಳಿಸಿಕೊಂಡರು, ಮಕ್ಕಳ ಬೆಳವಣಿಗೆಯಲ್ಲಿ ಕೊರತೆಯಾಗಲಿಲ್ಲ. ಎದೆಹಾಲು ಕೊಟ್ಟರೆ ಮೈ ತಾನಾಗಿ ಇಳಿಯುತ್ತದೆ ಎಂಬ ಮಾತು ಅರ್ಧ ನಿಜ. ಹಾಲಿಗೆ ದಿನಕ್ಕೆ 500 ಕ್ಯಾಲೊರಿಯಷ್ಟು ಖರ್ಚಾಗುತ್ತದೆ, ಜೊತೆಗೆ ಹಸಿವೂ ಹೆಚ್ಚುತ್ತದೆ. ಆ ಹಸಿವಿಗೆ ಬಿಸ್ಕತ್ತು, ಬ್ರೆಡ್ಡು ಸಿಕ್ಕರೆ ಖರ್ಚಾದದ್ದು ಅಲ್ಲಿಗಲ್ಲಿಗೇ ತುಂಬಿಕೊಳ್ಳುತ್ತದೆ. ಒಂದು ಮಗುವಿಗೂ ಮುಂದಿನ ಬಸುರಿಗೂ ಕನಿಷ್ಠ ಎರಡು ವರ್ಷ ಅಂತರವಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದಕ್ಕೆ ಬೇರೆ ಕಾರಣಗಳೂ ಇವೆ, ಆದರೆ ಉಳಿದ ತೂಕದ ಮೇಲೆ ಹೊಸ ತೂಕ ಏರುವುದು ತಪ್ಪುತ್ತದೆ ಎಂಬುದೂ ಸಣ್ಣ ಲಾಭವಲ್ಲ.

ಏನು ಮಾಡಿದರೂ ತೂಕ ಇಳಿಯದಿದ್ದರೆ, ಅಥವಾ ಅದರ ಜೊತೆಗೆ ವಿಪರೀತ ಸುಸ್ತು, ಚಳಿ, ಮಲಬದ್ಧತೆ ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. ಹೆರಿಗೆಯಾದ ವರ್ಷದಲ್ಲಿ ನೂರಕ್ಕೆ ಐದರಿಂದ ಹತ್ತು ಹೆಂಗಸರಲ್ಲಿ ಈ ಗ್ರಂಥಿ ಏರುಪೇರಾಗುತ್ತದೆ. ನಿದ್ದೆಗೆಟ್ಟ ಮೈಗೆ ಸಿಹಿಯ ಹಂಬಲ ಹೆಚ್ಚು, ಆದ್ದರಿಂದ ರಾತ್ರಿಯ ಒಂದು ಪಾಳಿ ಮಗುವನ್ನು ಗಂಡನೋ ಅತ್ತೆಯೋ ನೋಡಿಕೊಳ್ಳುವುದು ಯಾವ ಜಿಮ್‌ಗಿಂತಲೂ ಕಡಿಮೆಯ ಉಪಕಾರವಲ್ಲ. ಇನ್ನು "ಆಪರೇಷನ್ ಮಾಡಿಸಿಕೊಂಡ ಮೇಲೆ ದಪ್ಪಗಾದೆ" ಎಂಬ ದೂರು. ಮಕ್ಕಳಾಗದಂತೆ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಮುಚ್ಚುವುದು ಅಂಡನಾಳವನ್ನು ಮಾತ್ರ. ಅಂಡಾಶಯ ಮೊದಲಿನಂತೆಯೇ ಹಾರ್ಮೋನು ಸುರಿಸುತ್ತಿರುತ್ತದೆ. ಹೆಚ್ಚಿದ ತೂಕ ಆ ಕಾಲದ ಊಟ, ವಯಸ್ಸು ಮತ್ತು ಕಡಿಮೆಯಾದ ಓಡಾಟದ್ದು.

ವ್ಯಾಯಾಮದ ಕ್ರಮ ಈಗ ತಾನಾಗಿಯೇ ಗೋಚರಿಸುತ್ತದೆ. ಮೊದಲ ವಾರಗಳಲ್ಲಿ ಉಸಿರು, ತಳದ ಸ್ನಾಯುಗಳ ಸಂಕೋಚನ ಮತ್ತು ಮನೆಯೊಳಗಿನ ನಡಿಗೆ. ಐದು ನಿಮಿಷದಿಂದ ಶುರುವಾಗಿ ದಿನದಿಂದ ದಿನಕ್ಕೆ ಒಂದೊಂದೇ ನಿಮಿಷ ಏರಿಸಿದರೂ ಸಾಕು. ಆರು ವಾರದ ತಪಾಸಣೆಯಾದ ಮೇಲೆ ಬಿರುಸು ನಡಿಗೆ, ಮಲಗಿ ಸೊಂಟವನ್ನು ಮೇಲೆತ್ತುವ ಸೇತುಬಂಧಾಸನ, ಗೋಡೆಗೆ ಕೈ ಊರಿ ಮಾಡುವ ದಂಡ, ಕುರ್ಚಿಯಿಂದ ಎದ್ದು ಕೂರುವುದು. ಹೊಟ್ಟೆಯ ನಡುವೆ ಉಬ್ಬು ಏಳುತ್ತಿದ್ದರೆ ಆ ಆಸನ ಇನ್ನೂ ತನಗಲ್ಲವೆಂದು ಬಿಡಬೇಕು. ಓಟ, ಸ್ಕಿಪ್ಪಿಂಗ್, ಜಿಗಿತಗಳನ್ನು ಮೂರು ತಿಂಗಳಿಗೆ ಮೊದಲು ಆರಂಭಿಸಬಾರದೆಂದು 2019ರಲ್ಲಿ ಬ್ರಿಟನ್ನಿನ ಫಿಸಿಯೋಥೆರಪಿಸ್ಟರು ಹೊರತಂದ ಮಾರ್ಗಸೂಚಿ ಹೇಳುತ್ತದೆ. ಆಗಲೂ ಮೂತ್ರ ಸೋರುವುದು, ಕೆಳಗೆ ಏನೋ ಜಾರಿದಂತೆ ಭಾರವೆನಿಸುವುದು ಇದ್ದರೆ ಇನ್ನೂ ಕಾಯಬೇಕು. ವಾರಕ್ಕೆ 150 ನಿಮಿಷದ ಸಾಧಾರಣ ವ್ಯಾಯಾಮ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಬಾಣಂತಿಯರಿಗೂ ಅನ್ವಯಿಸುತ್ತದೆ, ಆದರೆ ಅದು ತಲುಪಬೇಕಾದ ಊರು, ಹೊರಡುವ ಜಾಗವಲ್ಲ. ಮನೆಗೆಲಸವೇ ವ್ಯಾಯಾಮವಲ್ಲವೇ ಎಂದು ಕೇಳುವವರಿದ್ದಾರೆ. ಕೆಲಸದಲ್ಲಿ ದಣಿವಿದೆ, ಸಡಿಲಗೊಂಡ ಸ್ನಾಯುವಿಗೆ ಹುಡುಕಿ ಕೊಡುವ ಅಭ್ಯಾಸ ಅದರಲ್ಲಿಲ್ಲ.

ಮೈಯ ಬಗೆಗಿನ ಈ ಚಿಂತೆಯ ಅಡಿಯಲ್ಲಿ ಕೆಲವೊಮ್ಮೆ ಬೇರೆಯದೇ ಇರುತ್ತದೆ. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಪರಾಮರ್ಶೆಯಂತೆ, ನೂರು ತಾಯಂದಿರಲ್ಲಿ ಸುಮಾರು 22 ಮಂದಿ ಹೆರಿಗೆಯ ನಂತರದ ಖಿನ್ನತೆಯನ್ನು ಅನುಭವಿಸುತ್ತಾರೆ. ಕನ್ನಡಿ ನೋಡಿದಾಗಲೆಲ್ಲ ಅಳು ಬರುವುದು, ಮಗುವಿನ ಮೇಲೂ ಮನಸ್ಸಿಲ್ಲದಿರುವುದು, ಮಗು ಮಲಗಿದರೂ ನಿದ್ದೆ ಹತ್ತದಿರುವುದು ಎರಡು ವಾರ ಮೀರಿದರೆ ಅದಕ್ಕೆ ಡಯಟ್ ಪಟ್ಟಿ ಮದ್ದಲ್ಲ, ವೈದ್ಯರ ಬಳಿ ಹೋಗಬೇಕು. ಹಾಗೆಯೇ ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಜ್ವರ, ದುರ್ವಾಸನೆಯ ಸ್ರಾವ, ಒಂದು ಗಂಟೆಯಲ್ಲೇ ಪ್ಯಾಡ್ ತೋಯುವಷ್ಟು ರಕ್ತ, ಉಸಿರು ಕಟ್ಟುವುದು ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ.

ಹೀಗಿದ್ದರೂ ನಮ್ಮಲ್ಲಿ ಆರನೆಯ ವಾರದ ಭೇಟಿ ಎಂದರೆ ಮಗುವಿನ ಲಸಿಕೆ. ಮಗುವನ್ನು ತೂಗುತ್ತಾರೆ, ಚುಚ್ಚುಮದ್ದು ಹಾಕಿ ಕಾರ್ಡಿನಲ್ಲಿ ಬರೆದುಕೊಡುತ್ತಾರೆ, ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ತಾಯಿಯನ್ನು ಯಾರೂ ಮುಟ್ಟಿ ನೋಡುವುದಿಲ್ಲ. ಹೆರಿಗೆಯ ನಂತರದ ಮೊದಲ ವಾರಗಳಲ್ಲಿ ಆಶಾ ಕಾರ್ಯಕರ್ತೆ ಮಾಡುವ ಮನೆಭೇಟಿಗಳ ಸಾಲಿನ ಕೊನೆಯದೂ 42ನೆಯ ದಿನಕ್ಕೇ ಬರುತ್ತದೆ. ಆ ವಾರ ತಾಯಿಯೇ ಬಾಯಿಬಿಟ್ಟು ಕೇಳಬೇಕಾದವು ಇಷ್ಟು: ರಕ್ತದೊತ್ತಡ ಮತ್ತು ಹಿಮೋಗ್ಲೋಬಿನ್ ನೋಡಿ; ಬಸುರಿನಲ್ಲಿ ಸಕ್ಕರೆ ಇದ್ದಿದ್ದರೆ ಅದನ್ನೂ ಮತ್ತೆ ಪರೀಕ್ಷಿಸಿ; ಹೊಲಿಗೆ ಒಳಗೂ ಮಾಯಿದೆಯೇ ತಿಳಿಸಿ; ಹೊಟ್ಟೆಯ ನಡುವಿನ ಅಂತರ ಎಷ್ಟು ಬೆರಳು ಅಳೆಯಿರಿ; ಕೆಮ್ಮಿದಾಗ ಮೂತ್ರ ಸೋರುತ್ತಿದೆ, ಯಾರಲ್ಲಿಗೆ ಹೋಗಲಿ ಹೇಳಿ. ಕೊನೆಯದನ್ನು ಹೇಳಲು ನಾಚಿಕೆಯಾದರೆ ಲಸಿಕೆಯ ಕಾರ್ಡಿನ ಹಿಂಬದಿಯಲ್ಲಿ ಬರೆದು ಮುಂದೆ ಇಟ್ಟರೂ ಆದೀತು.